ಗೋಡೆಗೆ ಮುಖ ಮಾಡಿದ ಇಂಜಿನು

ಆಗ ನನಗೆ ಐವತ್ತೊಂದು ವರ್ಷ. ಈಗ ಅದಕ್ಕೆ ಇಪ್ಪತ್ತಾರು ವರ್ಷ ಆಯಿತು. ಅಮ್ಮ ತೀರಿಹೋಗಿ ವರ್ಷ ತುಂಬಿದ ವಾರವೇ, ಎಪ್ಪತ್ತಾರರ ಅಪ್ಪ ಕಾರಿನ ಹಟ್ಟಿಯ ಬೀಗ ತೆಗೆದ. ಹಟ್ಟಿ ಎಂದರೆ ದನದ ಕೊಟ್ಟಿಗೆ. ನಾನು ಸಣ್ಣವಳಿದ್ದಾಗ ಕಾರು ಬಂದಿತ್ತು. ಅದಕ್ಕೆ ಬೇರೆ ಜಾಗ ಇರಲಿಲ್ಲ. ಎರಡು ಎಮ್ಮೆ ಹೊರಗೆ ಹೋಗಿ ಕಾರು ಒಳಗೆ ಬಂತು, ಹೆಸರು ಹಾಗೇ ಉಳಿಯಿತು. ಅದು ಕೆಟ್ಟು ನಿಂತ ಮೇಲೆ ಮೂವತ್ತೊಂಬತ್ತು ವರ್ಷ ಆ ಬಾಗಿಲು ತೆರೆದಿರಲಿಲ್ಲ. ಅಪ್ಪ ಅದನ್ನು ರಿಪೇರಿ ಮಾಡಿಸಲಿಲ್ಲ, ಮಾರಲಿಲ್ಲ, ಗುಜರಿಗೂ ಹಾಕಲಿಲ್ಲ. ಯಾಕೆ ಎಂದು ಕೇಳಿದವರಿಗೆ ಉತ್ತರ ಕೊಡುತ್ತಿರಲಿಲ್ಲ. ಕೇಳುವವರೂ ಒಬ್ಬೊಬ್ಬರಾಗಿ ಸತ್ತರು. ಆವತ್ತು ತಾನಾಗಿ ಬೀಗ ತೆಗೆದು, ಪಂಚೆ ಎತ್ತಿ ಕಟ್ಟಿ, ನನ್ನನ್ನು ಕರೆದ.

“ಮಗಾ, ಆ ಕೊಡಪಾನ ಅಲ್ಲಿ ಇಟ್ಟು ಬಾ. ಇದನ್ನು ಸರಿ ಮಾಡುವ.”

“ಯಾಕೆ?”

“ಯಾಕೆ ಅಂದ್ರೆ ಎಂತ? ಕಾರು ಇರುವುದು ಓಡ್ಲಿಕ್ಕೆ.”

“ಇಷ್ಟು ವರ್ಷ ಎಂತಕ್ಕೆ ಇತ್ತು?”

ಅಪ್ಪ ಕೇಳಿಸದವನ ಹಾಗೆ ಒಳಗೆ ಹೋದ. ಆಗಲೇ ನನಗೆ ಸಂಶಯ ಬಂತು.

ಕಾರು ಕೊನೆಗೆ ಓಡಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಅದಕ್ಕಾಗಿ ಓದುವವರು ಕಾಯುವುದು ಬೇಡ. ನಾನು ಬರೆಯುತ್ತಿರುವುದು ಅದು ಓಡುವುದಕ್ಕಿಂತ ಮೊದಲಿನ ಮಾತು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಮ್ಮ ಮನೆಯ ಮಾತು ತುಳು. ಬರೆಯುವಾಗ ಅದು ಕನ್ನಡ ಆಗುತ್ತದೆ, ಸ್ವಲ್ಪ ಬಿರುಸಾಗುತ್ತದೆ. ಮನೆ ಮೂಡಬಿದಿರೆಯ ಹೊರಗೆ. ಅಳಿಯಸಂತಾನದ ಮನೆ, ಅಮ್ಮನ ಕಡೆಯದ್ದು. ನಾನು ಸಣ್ಣವಳಿದ್ದಾಗ ಅಮ್ಮನ ಅಣ್ಣ, ನನ್ನ ಮಾವ, ಯಜಮಾನ. ಈಗ ನಾನು. ಗಂಡ ಸತ್ತ ಮೇಲೆ ಬೆಳ್ತಂಗಡಿಯಿಂದ ವಾಪಸು ಬಂದು ಇಲ್ಲಿ ಕೂತವಳು. ಅಪ್ಪ ಈ ಮನೆಯಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಇದ್ದ. ಆದರೆ ಅವನದ್ದು ಎಂದು ಇಲ್ಲಿ ಇದ್ದದ್ದು ಒಂದು ತಗಡಿನ ಪೆಟ್ಟಿಗೆ, ಅಕ್ಕಿ ಗಿರಣಿ ನಡೆಸುತ್ತಿದ್ದ ಕಾಲದ ಸ್ಪಾನರುಗಳು ಮತ್ತು ಈ ಕಾರು. ಹಾಗಾಗಿ ಕಾರನ್ನು ಸರಿ ಮಾಡಿ ಯಾರಿಗಾದರೂ ಕೊಡಲಿಕ್ಕೆ ಹೊರಟಿದ್ದಾನೋ ಎಂದು ನಾನು ಕಣ್ಣಿಟ್ಟೆ. ನನ್ನದು ಸಂಶಯದ ಹುಟ್ಟುಗುಣ ಎಂದು ಮನೆಯವರು ಹೇಳುವುದುಂಟು. ಹುಟ್ಟುವಾಗ ಅದು ಇರಲಿಲ್ಲ. ಅದು ಬಂದ ದಿನ ನನಗೆ ನೆನಪುಂಟು.

ಅದನ್ನು ಹೇಳಬೇಕಾದರೆ ಅಮ್ಮನ ಅಡಿಗೆಮನೆಯಿಂದ ಹೇಳಬೇಕು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಸೋಸದ ನೀರು ಕುಡಿಯುವುದಿಲ್ಲ. ಎಲ್ಲ ಮನೆಗಳಲ್ಲೂ ಹಾಗೆಯೇ, ಅಮ್ಮನದ್ದು ಸ್ವಲ್ಪ ಹೆಚ್ಚು. ದಪ್ಪ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ನಾಲ್ಕು ಬದಿ ಹೊಲಿದು, ಒಂದು ಮೂಲೆಗೆ ಕೆಂಪು ನೂಲಿನಲ್ಲಿ ಮೂರು ಹೊಲಿಗೆ ಹಾಕುತ್ತಿದ್ದಳು. ಕೊಡಪಾನದ ಬಾಯಿಗೆ ಕಟ್ಟುವಾಗ ಕೆಂಪು ಮೂಲೆ ಮೇಲೆ ಕಾಣಬೇಕು. ಬಟ್ಟೆ ಅಡಿಮೇಲಾದರೆ ಹಿಂದಿನ ಸಲ ಸಿಕ್ಕಿಕೊಂಡ ಹುಳ ನೀರಿಗೆ ಬೀಳುತ್ತದೆ. ಸೋಸಿ ಆದ ಮೇಲೆ ಅದನ್ನು ಬಾವಿಗೇ ಮಗುಚಿ ತೊಳೆಯಬೇಕು, ಸಿಕ್ಕಿದ ಜೀವ ತನ್ನ ನೀರಿಗೇ ಹೋಗಬೇಕು. ಕೆಂಪು ಮೂಲೆ ಕೆಳಗೆ ಮಾಡಿದ್ದಕ್ಕೆ ನಾನು ತಿಂದಷ್ಟು ಪೆಟ್ಟು ಬೇರೆ ಯಾವುದಕ್ಕೂ ತಿಂದಿಲ್ಲ. ಅನ್ನ ಬೇಯಿಸುವ ಮೊದಲು ಕಟ್ಟಿಗೆಯನ್ನು ನೆಲಕ್ಕೆ ತಟ್ಟಿ ಇರುವೆ ಇಳಿಸುತ್ತಿದ್ದಳು. ಮಗುವನ್ನು ಎತ್ತಿಕೊಳ್ಳುವುದಕ್ಕಿಂತ ಮೆತ್ತಗೆ ಕಟ್ಟಿಗೆ ಎತ್ತುತ್ತಿದ್ದಳು. ಆ ಮಗು ನಾನೇ, ಹಾಗಾಗಿ ಗೊತ್ತು.

ಕಾರನ್ನು ಅಪ್ಪ ತಂದದ್ದು ಚಾರ್ಮಾಡಿ ಘಾಟಿಯ ಮೇಲಿನ ಒಬ್ಬ ಕಾಫಿ ತೋಟದವನಿಂದ. ಜರ್ಮನಿಯ ಕಾರು, ಆಮೆಯ ಬೆನ್ನಿನಂತೆ ಇತ್ತು, ಊರಲ್ಲಿ ಆಮೆ ಕಾರು ಎಂದೇ ಹೆಸರು. ಇಂಜಿನು ಹಿಂದೆ, ಸಾಮಾನು ಇಡುವ ಜಾಗ ಮುಂದೆ. ನೋಡಲಿಕ್ಕೆ ಬಂದವರು ಒಂದು ಸುತ್ತು ಹೆಚ್ಚೇ ಹಾಕಿ ಹೋಗುತ್ತಿದ್ದರು. ಅದನ್ನು ಓಡಿಸಲಿಕ್ಕೆ ಪಾಣೆಮಂಗಳೂರು ಕಡೆಯ ಹಸನಬ್ಬ ಬಂದ. ಇಪ್ಪತ್ತೈದು ವರ್ಷದ ಬ್ಯಾರಿ ಹುಡುಗ, ಕೆಲಸ ಗೊತ್ತಿದ್ದವನು, ಮಾತು ಸ್ವಲ್ಪ ಜಾಸ್ತಿ. ಮೊದಲ ದಿನ ಅಮ್ಮ ಇಂಜಿನಿಗೆ ಹಾಕಲಿಕ್ಕೆ ಎಂದು ಸೋಸಿದ ನೀರಿನ ಕೊಡಪಾನ ಹಿಡಿದು ಅಂಗಳಕ್ಕೆ ಬಂದಳು. ಗಿರಣಿಯ ಇಂಜಿನಿಗೆ ನೀರು ಹಾಕುವುದನ್ನು ಅವಳು ನೋಡಿದ್ದಳು.

“ಇದಕ್ಕೆ ನೀರು ಬೇಡ ಅಮ್ಮ,” ಎಂದ ಹಸನಬ್ಬ. ಹಿಂದಿನ ಗಾಜಿನ ಕೆಳಗೆ ಸಾಲಾಗಿ ಇದ್ದ ಸೀಳುಗಳನ್ನು ತೋರಿಸಿದ. “ಒಳಗೆ ಫ್ಯಾನು ಉಂಟು. ಇಲ್ಲಿಂದ ಗಾಳಿ ಎಳೆದು ಇಂಜಿನಿನ ಮೇಲೆ ಬಿಡ್ತದೆ. ಅದರಲ್ಲೇ ತಂಪು. ಇದು ಗಾಳಿ ಕುಡಿಯುವ ಗಾಡಿ.”

“ಗಾಳಿಯಲ್ಲಿ ಹುಳ ಇದ್ದರೆ?”

“ಹುಳವನ್ನೂ ಕುಡೀತದೆ,” ಎಂದು ಹಸನಬ್ಬ ನಕ್ಕ.

ಅಮ್ಮ ನಗಲಿಲ್ಲ. ಕೊಡಪಾನ ಹಿಡಿದು ಒಳಗೆ ಹೋದಳು.

ಕಾರು ನಮ್ಮಲ್ಲಿ ಓಡಿದ್ದು ಎಂಟೋ ಒಂಬತ್ತೋ ತಿಂಗಳು. ಮಳೆ ಬಿಟ್ಟು, ದೀಪಕ್ಕೆ ಹಾತೆ ಮುತ್ತುವ ಸಮಯದಲ್ಲಿ ನೆರಿಯದಲ್ಲಿ ಒಂದು ಮದುವೆ ಇತ್ತು. ಅಪ್ಪ ಮುಂದೆ, ಅಮ್ಮ ಮತ್ತು ನಾನು ಹಿಂದೆ. ನೆರಿಯದ ಏರಿನಲ್ಲಿ ಇಂಜಿನು ಗೊರಗೊರ ಎಂದಿತು, ಸುಟ್ಟ ವಾಸನೆ ಬಂತು, ಕಾರು ನಿಂತಿತು. ಹಸನಬ್ಬ ಹಿಂದಿನ ಮುಚ್ಚಳ ಎತ್ತಿದ. ಹೊಗೆ. ಎಣ್ಣೆಯ ಕಡ್ಡಿ ಎಳೆದು ನೋಡಿದ, ತುದಿಯಲ್ಲಿ ಮಾತ್ರ ಎಣ್ಣೆ ಇತ್ತು. ಅವನು ಕೈಯಿಂದ ತಲೆ ಹಿಡಿದುಕೊಂಡು ದಾರಿಯ ಬದಿಯಲ್ಲಿ ಕೂತದ್ದು ನನಗೆ ಈಗಲೂ ಕಾಣುತ್ತದೆ. ಮರದ ಲಾರಿಯ ಹಿಂದೆ ಕಟ್ಟಿ ಕಾರನ್ನು ಮನೆಗೆ ತಂದರು.

ಮೂರನೇ ದಿನ ಅಂಗಳದಲ್ಲಿ ವಿಚಾರಣೆ ಆಯಿತು. ಮಾವ ಕುರ್ಚಿಯಲ್ಲಿ, ಅಪ್ಪ ಜಗಲಿಯ ತುದಿಯಲ್ಲಿ, ಊರವರು ಹತ್ತು ಹದಿನೈದು ಜನ. ಹಸನಬ್ಬ ಬಾವಿಕಟ್ಟೆಯ ಹತ್ತಿರ ನಿಂತಿದ್ದ. ಇಂಜಿನಿನ ಎಣ್ಣೆ ಎಲ್ಲಿ ಹೋಯಿತು ಎಂಬುದು ಪ್ರಶ್ನೆ. ಅವನು ಕದ್ದು ಮಾರಿದ, ಅದಕ್ಕೇ ಇಂಜಿನು ಒಣಗಿ ಹಿಡಿದುಕೊಂಡಿತು ಎಂದು ಯಾರೋ ಹೇಳಿದರು. ಆಗ ನನ್ನ ನೆನಪಿಗೆ ಬಂತು, ನಾನು ಬಾಯಿ ಹಾಕಿದೆ. ಕಾರು ಕೆಡುವ ಒಂದು ವಾರ ಮೊದಲು ಹಸನಬ್ಬ ಇಂಜಿನಿನ ಕೆಳಗಿನಿಂದ ಎಣ್ಣೆ ಇಳಿಸಿ ಬಾಟಲಿಗೆ ತುಂಬುವುದನ್ನು ನಾನು ನೋಡಿದ್ದೆ.

“ಹಳೇ ಎಣ್ಣೆ ಅದು,” ಎಂದ ಹಸನಬ್ಬ. “ಬಾವಿಯ ರಾಟೆಗೆ ಹಾಕ್ಲಿಕ್ಕೆ. ಅಮ್ಮನೇ ಕೇಳಿದ್ದು. ಅಮ್ಮನನ್ನು ಕೇಳಿ ನೋಡಿ.”

“ಹೆಂಗಸರನ್ನು ಮಧ್ಯ ತರಬೇಡ,” ಎಂದ ಮಾವ. ನನ್ನ ಕಡೆ ತಿರುಗಿದ. “ನೀನು ಹೇಳು. ಹೊಸ ಎಣ್ಣೆಯಾ, ಹಳೆಯದ್ದಾ?”

ಎಣ್ಣೆ ಕಪ್ಪಾಗಿತ್ತು. ಅದನ್ನು ತುಂಬಿದ ಮರುದಿನದಿಂದ ನಮ್ಮ ಬಾವಿಯ ರಾಟೆ ಕಿರುಚುವುದು ನಿಂತಿತ್ತು. ಎರಡೂ ನನಗೆ ಗೊತ್ತಿತ್ತು. ನನಗೆ ಹನ್ನೆರಡು ವರ್ಷ, ಏನೂ ತಿಳಿಯದ ಮಗುವಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅಷ್ಟು ಜನ ನನ್ನ ಮುಖ ನೋಡಿದ್ದು ಅದೇ ಮೊದಲು.

“ಹೊಸದು,” ಎಂದೆ.

ಹಸನಬ್ಬ ಅಡಿಗೆಮನೆಯ ಬಾಗಿಲು ನೋಡಿದ. ಒಳಗೆ ಬಳೆ ಸದ್ದಾಗುತ್ತಿತ್ತು. ಅಮ್ಮ ಹೊರಗೆ ಬರಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ತಲೆಯ ಬಟ್ಟೆ ಕೊಡವಿಕೊಂಡು ನಡೆದು ಹೋದ. ಆಮೇಲೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ ಎಂದು ಕೇಳಿದೆ. ಎಣ್ಣೆ ಹಸನಬ್ಬ ಎಂದು ಹೆಸರು ಬಿತ್ತು. ನಾನು ಹೇಳಿದ ಒಂದು ಶಬ್ದವನ್ನು ಹದಿನೈದು ಗಂಡಸರು ಒಂದೇ ಒಂದು ಪ್ರಶ್ನೆ ಹಾಕದೆ ನಂಬಿದರು. ಅಂದಿನಿಂದ ಯಾರು ಏನು ಹೇಳಿದರೂ ನನಗೆ ನಂಬಿಕೆ ಇಲ್ಲ. ಸುಳ್ಳು ಎಷ್ಟು ಸಲೀಸಾಗಿ ಒಳಗೆ ಹೋಗುತ್ತದೆ ಎಂದು ನೋಡಿದವಳು ನಾನು. ಅಮ್ಮ ಆ ವರ್ಷದಿಂದ ಬೆಲ್ಲ ಬಿಟ್ಟಳು. ನಮ್ಮಲ್ಲಿ ವ್ರತಕ್ಕೆ ಎಂದು ಒಂದು ಪದಾರ್ಥ ಬಿಡುವುದು ಉಂಟು, ಕಾರಣ ಹೇಳಬೇಕೆಂದಿಲ್ಲ. ಸಾಯುವವರೆಗೂ ಪಾಯಸ ಮುಟ್ಟಲಿಲ್ಲ, ಕಾರಣವನ್ನೂ ಹೇಳಲಿಲ್ಲ. ನನಗೆ ಅದರ ಮೇಲೂ ಸಂಶಯವೇ.

ಇನ್ನು ಅಪ್ಪನ ಕೆಲಸಕ್ಕೆ ಬರುತ್ತೇನೆ. ಮರದ ಮಿಲ್ಲಿನಿಂದ ಎಂಟು ಜನ ಬಂದು ಕಾರಿನ ಹಿಂಭಾಗ ಎತ್ತಿ ಹಿಡಿದರು. ಅಪ್ಪ ಬೋಲ್ಟು ಬಿಚ್ಚಿ, ಲಾರಿಯ ಜಾಕಿನ ಮೇಲೆ ಇಂಜಿನು ಇಳಿಸಿ, ಹಲಗೆಯ ಮೇಲೆ ಎಳೆದು ಮೂಲೆಗೆ ತಂದ. ಎರಡು ಕೆಂಪು ಕಲ್ಲಿನ ಮೇಲೆ ಅದನ್ನು ಗೋಡೆಗೆ ಮುಖ ಮಾಡಿ ಇರಿಸಿ, ಗೋಣಿ ಹೊದೆಸಿದ. ಅಷ್ಟೇ. ಮತ್ತೆ ಅದರ ಸುದ್ದಿಗೆ ಹೋಗಲಿಲ್ಲ. ಕೆಟ್ಟದ್ದು ಇಂಜಿನು, ಅಪ್ಪ ಸರಿ ಮಾಡುತ್ತಿದ್ದದ್ದು ಉಳಿದದ್ದೆಲ್ಲ. ಬಾಗಿಲಿನ ನೆಗ್ಗು ಮರದ ಕೊಡತಿಯಿಂದ ಬಡಿದು ಎಬ್ಬಿಸಿದೆವು. ತುಕ್ಕು ಉಜ್ಜಿದ್ದು ನಾನು, ನನ್ನ ಬೆರಳಿನ ಚರ್ಮ ಹೋಯಿತು. ಬಣ್ಣವನ್ನು ಎರಡು ಸಲ ಹೊಡೆದು, ಸರಿಯಾಗಲಿಲ್ಲ ಎಂದು ಅಪ್ಪ ಎರಡು ಸಲವೂ ಉಜ್ಜಿ ತೆಗೆದ. ದೀಪದ ಸುತ್ತಿನ ಬಳೆಯನ್ನು ನಾನು ದೇವರ ದೀಪ ಬೆಳಗುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕಿ ಹೊಳಪು ಕೆಡಿಸಿದ್ದಕ್ಕೆ ಅಪ್ಪ ಒಂದು ದಿನ ಮಾತು ಬಿಟ್ಟ. ಸೀಟು ಬಿಚ್ಚಿ ನೋಡಿದರೆ ಒಳಗೆ ತೆಂಗಿನ ನಾರು, ಅಷ್ಟು ದೂರದ ಊರಿನ ಕಾರಿನೊಳಗೆ ನಮ್ಮ ಹಿತ್ತಿಲಿನ ಸಾಮಾನು. ಹಳೆಯದ್ದನ್ನು ತೆಗೆದು ನಾನೇ ಹೊಸ ನಾರು ತುಂಬಿ ಹೊಲಿದೆ. ಹೊಗೆ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ನಾನು ಕಡ್ಡಿ ಹಾಕಿ ತೆಗೆಯಲಿಕ್ಕೆ ಹೋದೆ.

“ಮುಟ್ಟಬೇಡ. ಒಳಗೆ ಮರಿ ಉಂಟು. ಹಾರಿ ಹೋಗ್ಲಿ.”

“ಯಾವಾಗ ಹಾರುವುದು?”

“ಅದಕ್ಕೆ ಆದಾಗ.”

ಮೂರು ವಾರ ಹಟ್ಟಿಯಲ್ಲಿ ಸುತ್ತಿಗೆಯ ಸದ್ದು ಇರಲಿಲ್ಲ. ಅಪ್ಪನಿಗೆ ಅದರಿಂದ ಬೇಸರವಾದ ಹಾಗೆ ಕಾಣಲಿಲ್ಲ, ಖುಷಿಯೇ ಇತ್ತು. ಅದನ್ನೂ ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ದಿನಾ ಸಂಜೆ ಜಗಳ. ಹೊತ್ತು ಮುಳುಗುವುದಕ್ಕೆ ಮೊದಲು ಊಟ ಆಗಬೇಕು, ಅಪ್ಪ ಕಾರಿನ ಅಡಿಯಿಂದ ಹೊರಗೆ ಬರುವುದಿಲ್ಲ. ನಾನು ಬಾಗಿಲಲ್ಲಿ ನಿಂತು ಕೂಗುವುದು. ಬಂದರೆ ಕೈಯೆಲ್ಲ ಗ್ರೀಸು. ಗ್ರೀಸಿಗೆ ಪ್ರಾಣಿಯ ಕೊಬ್ಬು ಹಾಕುತ್ತಾರೆ ಎಂದು ನಾನು ಎಲ್ಲಿಯೋ ಕೇಳಿದ್ದೆ.

“ಇದರಲ್ಲಿ ಎಂತ ಉಂಟು, ಹೇಳಿ ಮೊದಲು.”

“ಭೂಮಿಯಿಂದ ತೆಗೆದ ಎಣ್ಣೆ, ಮಾರಾಯ್ತಿ.”

“ನೀವು ತೆಗೆಯುವಾಗ ನೋಡಿದ್ದೀರಾ?”

“ನಿನ್ನ ಅಮ್ಮ ಕೂಡ ಹೀಗೆ ಕೇಳ್ತಾ ಇರ್ಲಿಲ್ಲ.”

“ಅಮ್ಮ ಕೇಳದೇ ಮಾಡುವವಳು,” ಎಂದೆ ನಾನು. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಅಪ್ಪನ ಮುಖ ಒಮ್ಮೆ ಬಿಳಿಚಿಕೊಂಡಿತು. ಬೂದಿ ಮತ್ತು ಸೀಗೆಪುಡಿ ಹಾಕಿ ಮೂರು ಸಲ ಕೈ ತೊಳೆದು, ಬಾಳೆಲೆಯ ಮುಂದೆ ಕೂತು, ತಲೆ ಎತ್ತದೆ ಉಂಡ.

ಇದಲ್ಲದೆ ಪ್ರತಿ ಗುರುವಾರ ಅಪ್ಪ ಒಗೆದ ಅಂಗಿ ಹಾಕಿ, ಕೊಡೆ ಹಿಡಿದು, ಬೆಳಿಗ್ಗೆ ಬಸ್ಸಿಗೆ ಹೋಗುವುದು, ಮಧ್ಯಾಹ್ನ ದಾಟಿ ಬರುವುದು. ಎಲ್ಲಿಗೆ ಎಂದರೆ “ಸಾಮಾನು ನೋಡ್ಲಿಕ್ಕೆ.” ಬರುವಾಗ ಕೈಯಲ್ಲಿ ಒಂದು ಸ್ಕ್ರೂ ಕೂಡ ಇರುತ್ತಿರಲಿಲ್ಲ. ಅಂಗಿ ಒಗೆಯಲಿಕ್ಕೆ ತೆಗೆದಾಗ ಕಿಸೆಯಲ್ಲಿ ಮೆಲ್ಕಾರಿನ ಬಸ್ಸಿನ ಟಿಕೇಟು ಸಿಕ್ಕಿತು. ನನ್ನ ತಮ್ಮ ನಾಭಿರಾಜನಿಗೆ ಬೆಳ್ತಂಗಡಿಯಲ್ಲಿ ಬಟ್ಟೆ ಅಂಗಡಿ. ನಾನು ಫೋನು ಮಾಡಿದೆ.

“ಮೆಲ್ಕಾರಿನಲ್ಲಿ ಅಪ್ಪನಿಗೆ ಎಂತ ಕೆಲಸ ಅಕ್ಕ? ಸಂಬಂಧ ಗಿಂಬಂಧ ಉಂಟಾ?”

“ಎಪ್ಪತ್ತಾರಕ್ಕಾ?”

“ನಮ್ಮ ಪಕ್ಕದ ಅಂಗಡಿಯವನ ಅಪ್ಪ ಎಂಬತ್ತಕ್ಕೆ ಕಟ್ಟಿಕೊಂಡ. ನೀನು ಒಂದು ಕಣ್ಣು ಇಡು. ಕಾರು ಅವಳಿಗೇ ಇರಬೇಕು.”

ಮುಂದಿನ ಗುರುವಾರ ಅಪ್ಪ ಹೋದ ಹಿಂದೆಯೇ ಇನ್ನೊಂದು ಬಸ್ಸಿನಲ್ಲಿ ನಾನೂ ಹೋದೆ. ವಾಮದಪದವಿನ ಮೇಲೆ ಹೋಗುವ ಬಸ್ಸು, ಬಂಟ್ವಾಳದಲ್ಲಿ ಇಳಿದು ಬೇರೆ ಹಿಡಿಯಬೇಕು. ಮೆಲ್ಕಾರಿನಲ್ಲಿ ಇಳಿದು, ಸೆರಗು ತಲೆಗೆ ಎಳೆದುಕೊಂಡು ಒಂದು ಹಣ್ಣಿನ ಅಂಗಡಿಯ ಮರೆಯಲ್ಲಿ ನಿಂತೆ. ಅಪ್ಪ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೊಡೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತಿದ್ದ. ಎರಡು ಗಂಟೆ ಕೂತ. ಯಾರೂ ಬರಲಿಲ್ಲ. ಯಾರ ಹತ್ತಿರವೂ ಮಾತಾಡಲಿಲ್ಲ. ರಸ್ತೆಯ ಆ ಕಡೆ ಒಂದು ಸೈಕಲ್ ಅಂಗಡಿ, ಅಲ್ಲಿ ಬಿಳಿ ಗಡ್ಡದ ಒಬ್ಬ ಬ್ಯಾರಿ ಬೋಗುಣಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ ತೂತು ಹುಡುಕುತ್ತಿದ್ದ. ಅಪ್ಪ ಅದನ್ನೇ ನೋಡುತ್ತಿದ್ದ. ಒಂದು ಸಲ ಎದ್ದು ರಸ್ತೆಯ ಅಂಚಿನವರೆಗೆ ಹೋದ, ಒಂದು ಲಾರಿ ಹೋಗಲಿಕ್ಕೆ ನಿಂತ, ಲಾರಿ ಹೋಯಿತು, ವಾಪಸು ಬಂದು ಕೂತ. ಆಮೇಲೆ ಬಸ್ಸು ಹತ್ತಿ ಮನೆಗೆ ಬಂದ. ಹೆಂಗಸಿನ ವಿಷಯ ಅಲ್ಲ ಎಂದು ತಮ್ಮನಿಗೆ ಹೇಳಿದೆ. ಅವನಿಗೆ ಸ್ವಲ್ಪ ನಿರಾಸೆಯೇ ಆಯಿತು.

ಉಳಿದದ್ದು ಇಂಜಿನು. ಅದರ ಗೋಣಿಯನ್ನು ನಾನು ಮುಟ್ಟಿದರೆ ಅಪ್ಪನಿಗೆ ಹಟ್ಟಿಯ ಎಲ್ಲಿಂದಲೂ ಗೊತ್ತಾಗುತ್ತಿತ್ತು. “ಅದು ನಾನು ನೋಡ್ತೇನೆ” ಎನ್ನುತ್ತಿದ್ದ. ಒಂದು ಅಷ್ಟಮಿಯ ದಿನ ಅಪ್ಪ ಬಸದಿಗೆ ಹೋದಾಗ ನಾನು ಕಬ್ಬಿಣದ ಹಾರೆ ತಂದೆ. ಗೋಣಿ ತೆಗೆದು, ಹಾರೆಯನ್ನು ಕಲ್ಲಿನ ಸಂದಿಗೆ ಕೊಟ್ಟು, ಇಂಜಿನನ್ನು ಗೇಣು ಗೇಣಾಗಿ ತಿರುಗಿಸಿದೆ. ಚಿನ್ನ ಅಡಗಿಸಿದ್ದಾನೆ ಎಂದು ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಬೇಕು. ಗೋಡೆಯ ಕಡೆ ಇದ್ದ ಮುಖದಲ್ಲಿ ತಗಡಿನ ಒಂದು ದೊಡ್ಡ ಡಬ್ಬ, ಅದಕ್ಕೆ ಊಟದ ತಟ್ಟೆಯಷ್ಟು ದುಂಡಗಿನ ಬಾಯಿ. ಫ್ಯಾನು ಗಾಳಿ ಎಳೆಯುವ ಬಾಯಿ ಅದೇ. ಒಳಗೆ ಏನೋ ತುರುಕಿತ್ತು. ಕೈ ಹಾಕಿ ಎಳೆದೆ. ಬಟ್ಟೆ. ಎಣ್ಣೆ, ಮಸಿ, ಇಲಿಯ ಹಿಕ್ಕೆ ಎಲ್ಲ ಹತ್ತಿತ್ತು, ಫ್ಯಾನಿನ ಅಲಗಿಗೆ ಸಿಕ್ಕಿ ಒಂದು ಬದಿ ಚಿಂದಿಯಾಗಿತ್ತು. ಎರಡು ಮಡಿಕೆಯ ದಪ್ಪ ಬಟ್ಟೆ. ಉಳಿದ ಮೂಲೆಯೊಂದನ್ನು ಉಗುಳು ಹಚ್ಚಿ ಉಜ್ಜಿದೆ. ಕೆಂಪು ನೂಲು, ಮೂರು ಹೊಲಿಗೆ.

ನಾನು ಅಲ್ಲಿಯೇ ನೆಲದಲ್ಲಿ ಕೂತೆ. ತಿಳಿಯಲಿಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಾಳಿಯ ಜೊತೆ ಹುಳ ಒಳಗೆ ಹೋಗಿ ಸಾಯುತ್ತದೆ ಎಂದು ಅಮ್ಮ ಆ ಸೀಳುಗಳಿಗೆ ಒಳಗಿನಿಂದ ನೀರು ಸೋಸುವ ಬಟ್ಟೆ ಕಟ್ಟಿದ್ದಾಳೆ. ಏರಿನಲ್ಲಿ ಕಟ್ಟು ಬಿಚ್ಚಿ ಬಟ್ಟೆ ಫ್ಯಾನಿನ ಬಾಯಿಗೆ ಬಿದ್ದಿದೆ. ಗಾಳಿ ಇಲ್ಲದೆ ಇಂಜಿನು ಸುಟ್ಟಿದೆ, ಎಣ್ಣೆಯೂ ಸುಟ್ಟಿದೆ. ಆ ಮುಖ ಕಾರಿನ ಒಳಬದಿಗೆ ಇರುವುದರಿಂದ ಮುಚ್ಚಳ ತೆಗೆದು ನೋಡಿದ ಹಸನಬ್ಬನಿಗೆ ಕಂಡಿಲ್ಲ. ಆದರೆ ಅಪ್ಪನಿಗೆ ಗೊತ್ತು. ಗೊತ್ತಿಲ್ಲದವನು ಇದನ್ನು ಗೋಡೆಗೆ ತಿರುಗಿಸಿ ಇಡುವುದಿಲ್ಲ.

ಅಪ್ಪ ಬಂದಾಗ ನಾನು ಅಲ್ಲೇ ಇದ್ದೆ.

“ಅದನ್ನು ತಿರುಗಿಸ್ಲಿಕ್ಕೆ ಯಾರು ಹೇಳಿದ್ದು ನಿನಗೆ?”

“ನನ್ನ ಮನೆ. ನನ್ನ ಹಟ್ಟಿ.”

“ಕಾರು ನನ್ನದು.”

“ಬಟ್ಟೆ ಅಮ್ಮನದ್ದು,” ಎಂದೆ.

ಅಪ್ಪ ಕಾರಿನ ಬಾಗಿಲ ಕೆಳಗಿನ ಮೆಟ್ಟಿಲಿನ ಮೇಲೆ ಕೂತ. ಬಸದಿಯ ಗಂಧ ಹಣೆಯಲ್ಲಿ ಇನ್ನೂ ಹಸಿಯಿತ್ತು. ಕಾರು ಕೆಟ್ಟ ಮುಂದಿನ ತಿಂಗಳು ಮಂಗಳೂರಿನಿಂದ ಒಬ್ಬ ಮೆಕ್ಯಾನಿಕನನ್ನು ಕರೆಸಿದ್ದೆ ಎಂದ. ಅವನು ಹಿಂದಿನಿಂದ ಕೈ ಹಾಕಿ ಬಟ್ಟೆ ಹಿಡಿದು ಎಳೆದನಂತೆ. ಅಪ್ಪ ಕೆಂಪು ಮೂಲೆ ನೋಡಿದವನೇ ಅವನನ್ನು ಹಾಗೆಯೇ ಬಸ್ಸು ಹತ್ತಿಸಿ, ಬಟ್ಟೆಯನ್ನು ಅಲ್ಲಿಗೇ ತುರುಕಿ ಬೀಗ ಹಾಕಿದನಂತೆ.

“ಸುಟ್ಟು ಹಾಕಬಹುದಿತ್ತು,” ಎಂದೆ.

“ಅವಳ ಕೈಯ ಹೊಲಿಗೆ. ಮನಸ್ಸು ಬರ್ಲಿಲ್ಲ. ಮನೆಯೊಳಗೆ ಇಟ್ಟರೆ ಅವಳಿಗೇ ಸಿಗ್ತದೆ. ತನ್ನ ಬಟ್ಟೆಯಿಂದ ಒಬ್ಬನ ಅನ್ನ ಹೋಯ್ತು ಅಂತ ಗೊತ್ತಾದ್ರೆ ಅವಳು ನೀರು ಕೂಡ ಬಿಡ್ತಿದ್ದಳು, ಬೆಲ್ಲ ಮಾತ್ರ ಅಲ್ಲ.”

“ಎಣ್ಣೆ ಕೇಳಿದ್ದು ಅವಳೇ. ಅದು ಗೊತ್ತಿದ್ದೂ ಒಳಗೆ ನಿಂತಳು.”

“ಅಣ್ಣನ ಎದುರು ಅವಳು ಮಾತಾಡಿದ್ದು ನೀನು ಯಾವತ್ತಾದ್ರೂ ಕೇಳಿದ್ದಿಯಾ?”

ಕೇಳಿರಲಿಲ್ಲ. ಮೂವತ್ತೊಂಬತ್ತು ವರ್ಷ ಹೇಳದ ಮಾತನ್ನು ಆಗ ನಾನು ಹೇಳಿದೆ.

“ಅಪ್ಪ, ನಾನು ನೋಡಿದ ಎಣ್ಣೆ ಕಪ್ಪಾಗಿತ್ತು.”

“ಗೊತ್ತು.”

“ಹೇಗೆ?”

“ಹೊಸ ಎಣ್ಣೆ ಎರಡು ಡಬ್ಬ ತಂದದ್ದು. ಒಂದನ್ನು ಅವನು ನನ್ನ ಎದುರೇ ಇಂಜಿನಿಗೆ ಹಾಕಿದ್ದ, ಇನ್ನೊಂದು ಸೀಲು ಒಡೆಯದೆ ಕಪಾಟಿನಲ್ಲಿ ಇತ್ತು. ಆವತ್ತು ಸಂಜೆಯೇ ನೋಡಿದೆ.”

“ಮತ್ತೆ ಯಾಕೆ ಬಾಯಿ ಮುಚ್ಚಿ ಕೂತಿರಿ?”

“ನಿನ್ನ ಮಾವನ ಅಂಗಳದಲ್ಲಿ, ನಿನ್ನ ಮಾವನ ಎದುರು, ನನ್ನ ಮಗಳು ಸುಳ್ಳು ಹೇಳಿದ್ದು ಅಂತ ಹೇಳಬೇಕಿತ್ತಾ? ನಾನು ಈ ಮನೆಯಲ್ಲಿ ಯಾರು?”

ಇದು ಉತ್ತರವೇ ಅಲ್ಲ ಎಂದು ಅವನಿಗೂ ಗೊತ್ತಿತ್ತು. ಮೆಲ್ಕಾರಿನ ಸೈಕಲ್ ಅಂಗಡಿಯವನೇ ಹಸನಬ್ಬ ಎಂದು ಆಗ ತಾನಾಗಿ ಹೇಳಿದ. ಕಾರು ಸರಿಯಾದ ದಿನ ಅಲ್ಲಿಗೆ ಓಡಿಸಿಕೊಂಡು ಹೋಗಿ, ಕೀಯನ್ನು ಅವನ ಕೈಗೆ ಕೊಟ್ಟು, ಎಲ್ಲ ಹೇಳುವುದು ಎಂದು ಮನಸ್ಸಿನಲ್ಲಿ ಉಂಟಂತೆ. ಬರಿಗೈಯಲ್ಲಿ ಹೋಗಲಿಕ್ಕೆ ಕಾಲು ಬರುವುದಿಲ್ಲವಂತೆ.

“ಯಾವಾಗ ಸರಿಯಾಗುವುದು?” ಎಂದು ಕೇಳಿದೆ.

“ಬಣ್ಣ ಒಂದು ಆಗ್ಲಿ. ಬೀಡಿಂಗ್ ರಬ್ಬರು ಬರ್ಬೇಕು. ಆಮೇಲೆ ಇಂಜಿನು. ಮಳೆ ಒಂದು ಕಳೀಲಿ.”

ಆಗ ನನಗೆ ಎಲ್ಲ ಅರ್ಥವಾಯಿತು. ಕಣಜದ ಮೂರು ವಾರ ಯಾಕೆ ಖುಷಿ, ಎರಡು ಸಲ ಹೊಡೆದ ಬಣ್ಣವನ್ನು ಉಜ್ಜಿ ತೆಗೆದದ್ದು ಯಾಕೆ, ಇಂಜಿನಿಗೆ ಯಾಕೆ ಗೋಣಿ. ಕಾರು ಸರಿಯಾಗದಿದ್ದಷ್ಟು ದಿನ ಆ ರಸ್ತೆ ದಾಟಬೇಕಾಗಿಲ್ಲ. ನಾನೂ ಏಳೆಂಟು ತಿಂಗಳು ಬೆರಳು ಸವೆಸಿ ಆ ತಡಕ್ಕೇ ಸಹಾಯ ಮಾಡಿದ್ದೆ.

“ಅವನಿಗೆ ಈಗ ಅರವತ್ತನಾಲ್ಕು,” ಎಂದೆ. “ನಿಮಗೆ ಎಪ್ಪತ್ತಾರು. ಯಾರು ಮೊದಲು ಸಾಯ್ಲಿ ಅಂತ ಕಾಯ್ತಾ ಇದ್ದೀರಿ?”

ಹೊತ್ತು ಇಳಿಯಿತು. ನಾನು ಊಟಕ್ಕೆ ಕೂಗಲಿಲ್ಲ, ಅಪ್ಪ ಏಳಲಿಲ್ಲ. ಅಂದು ಇಬ್ಬರದ್ದೂ ಊಟ ತಪ್ಪಿತು.

ಮರುದಿನ ಬೆಳಿಗ್ಗೆ ಎದ್ದು ಬಾವಿಕಟ್ಟೆಗೆ ಹೋಗಿ ದಿನದ ನೀರು ಸೋಸಿದೆ. ಆಮೇಲೆ ಆ ಹಳೆಯ ಬಟ್ಟೆಯನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ತೊಳೆಯಲಿಲ್ಲ. ಅಪ್ಪ ಜಗಲಿಯಲ್ಲಿದ್ದ.

“ಎಲ್ಲಿಗೆ?”

“ಮೆಲ್ಕಾರಿಗೆ. ಬರುವುದಾದ್ರೆ ಬನ್ನಿ, ಇಲ್ಲದಿದ್ರೆ ಬಿಡಿ.”

ಕೊಡೆ ಹಿಡಿದು ಬಂದ. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಮೆಲ್ಕಾರಿನಲ್ಲಿ ಇಳಿದವನೇ ತನ್ನ ಬೆಂಚಿನ ಹತ್ತಿರ ಹೋಗಿ ಕೂತ. ನಾನು ನಿಲ್ಲದೆ ರಸ್ತೆ ದಾಟಿದೆ. ಹಸನಬ್ಬ ಆಗ ತಾನೇ ಅಂಗಡಿಯ ಹಲಗೆ ತೆಗೆಯುತ್ತಿದ್ದ. ಹಿಂದುಗಡೆಯೇ ಮನೆ.

“ನಾನು ಸುಮತಿ. ಮೂಡಬಿದಿರೆಯ ಆಮೆ ಕಾರಿನ ಮನೆಯವಳು.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಸಣ್ಣಮ್ಮ,” ಎಂದ. ನಗಲಿಲ್ಲ. ಒಂದು ಸ್ಟೂಲು ನನ್ನ ಕಡೆ ಕಾಲಿನಿಂದ ತಳ್ಳಿದ.

ಕೂತು, ಪೇಪರು ಬಿಚ್ಚಿ ಬಟ್ಟೆಯನ್ನು ಅವನ ಕೈಗೆ ಕೊಟ್ಟೆ. ಎಲ್ಲಿ ಸಿಕ್ಕಿತು ಎಂದು ಹೇಳಿದೆ. ಯಾರು ಕಟ್ಟಿದ್ದು, ಯಾರು ಅಡಗಿಸಿದ್ದು ಹೇಳಿದೆ. ಅವನು ಅದನ್ನು ಮೂಸಿದ, ಬೆಳಕಿಗೆ ಹಿಡಿದ, ಅಲಗು ಕಡಿದ ಬದಿಯನ್ನು ಬೆರಳಿನಲ್ಲಿ ಅಳೆದ. ಡ್ರೈವರನ ಕಣ್ಣು ಹೋಗಿರಲಿಲ್ಲ.

“ಫ್ಯಾನಿನ ಬಾಯಿಗೆ,” ಎಂದ. “ನಾನು ಆ ಕಡೆ ಕೈ ಹಾಕ್ಲಿಲ್ಲ. ಬಿಸಿ ಇತ್ತು.” ಬಟ್ಟೆಯನ್ನು ಮಡಿಚುತ್ತಾ ಕೇಳಿದ, “ರಾಟೆ ಈಗ ಕಿರುಚ್ತದಾ?”

“ಈಗ ಪಂಪು. ನೀವು ಹಾಕಿದ ಮೇಲೆ ತುಂಬಾ ವರ್ಷ ಕಿರುಚಿರ್ಲಿಲ್ಲ.”

“ಮತ್ತೆ?”

“ಮತ್ತೆ ಎಂತ ಉಂಟು? ಅದು ಹಳೇ ಎಣ್ಣೆ. ನಾನು ಹೊಸದು ಅಂತ ಹೇಳಿದ್ದು ಸುಳ್ಳು. ನೀವು ಕದ್ದದ್ದಲ್ಲ.”

ಹಸನಬ್ಬ ಎದ್ದ. ಒಳಗೆ ಹೋಗುತ್ತಾನೆ, ಆಯಿತು, ಎಂದುಕೊಂಡೆ. ಅವನು ಬಾಗಿಲಿನ ಪರದೆ ಸರಿಸಿ ಕರೆದ.

“ಐಸಮ್ಮಾ, ಇಲ್ಲಿ ಬಾ. ಇವರು ಒಂದು ಮಾತು ಹೇಳ್ತಾರೆ, ಕೇಳು.”

ಹೆಂಡತಿ ಕೈ ಒರೆಸುತ್ತಾ ಬಂದು ನಿಂತಳು. ನಾನು ಇನ್ನೊಮ್ಮೆ ಹೇಳಿದೆ. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಹಸನಬ್ಬ ಪಕ್ಕದ ಹೋಟೆಲಿನವನನ್ನು ಕರೆದ, ಹಣ್ಣಿನ ಅಂಗಡಿಯವನನ್ನು ಕರೆದ, ರಿಕ್ಷಾದಲ್ಲಿ ಕೂತಿದ್ದ ಇಬ್ಬರನ್ನು ಕರೆದ. ಅವರು ಬಂದು ಸುತ್ತ ನಿಂತರು. ಎಲ್ಲರೂ ನನ್ನ ಮುಖ ನೋಡಿದರು.

“ಕೂತು ಹೇಳಿದ್ರೆ ಕೇಳುವುದಿಲ್ಲ ಸಣ್ಣಮ್ಮ,” ಎಂದ ಹಸನಬ್ಬ. “ಆವತ್ತು ನೀವು ನಿಂತು ಹೇಳಿದ್ದು.”

ನಾನು ಎದ್ದು ನಿಂತೆ. ಸೆರಗು ಸರಿ ಮಾಡಿಕೊಂಡು, ರಸ್ತೆಯ ಆ ಕಡೆಯ ಬೆಂಚಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ, ಮೊದಲಿನಿಂದ ಹೇಳಿದೆ.